ಮಘೆ ಮಳೆ ಕಳೆಯಲಿ ಅಂದಿದ್ದರು

ಮೇ ತಿಂಗಳ ಕೊನೆ ಬಂತೆಂದರೆ ನಿಮ್ಮ ಮನೆಯಲ್ಲಿ ಮೊದಲು ಯಾವ ಕೆಲಸಕ್ಕೆ ಕೈ ಹಾಕುತ್ತೀರಿ? ನಾನಂತೂ ಅಟ್ಟ ಹತ್ತುತ್ತೇನೆ. ಅರವತ್ತು ದಾಟಿದೆ, ಮಂಡಿ ಬೇಡ ಬೇಡ ಅನ್ನುತ್ತದೆ. ‘ಯಾರನ್ನಾದ್ರೂ ಕರೀ ಮಾರಾಯ್ತಿ, ಬಿದ್ದುಗಿದ್ದೀಯ’ ಅಂತ ನಮ್ಮವರು ಕೆಳಗೆ ನಿಂತು ಏಣಿ ಹಿಡಿದುಕೊಂಡೇ ಗೊಣಗುತ್ತಾರೆ. ಆದರೂ ಕಂಬಳಿಗಳನ್ನು ಕೆಳಗಿಳಿಸಿ, ಕೊನೆಯ ಬಿಸಿಲಿಗೆ ಒಂದು ಸಲ ಹಾಸಿ, ಕೊಡವಿ ಮಡಚಿ ಇಟ್ಟಾಗಲೇ ನನಗೆ ಸಮಾಧಾನ. ಅದಾದ ಮೇಲೆ ಮಳೆ ಬೇಕಾದರೆ ಬರಲಿ!

ಹೀಗೆ ಧೈರ್ಯವಾಗಿ ಹೇಳುವುದಕ್ಕೆ ನನಗೆ ನಲವತ್ತು ಮಳೆಗಾಲ ಬೇಕಾಯಿತು ಅಂದರೆ ನಗಬೇಡಿ. ನಾನು ಮಲೆನಾಡಿನ ಹೆಣ್ಣಲ್ಲ. ಹುಟ್ಟಿ ಬೆಳೆದದ್ದು ಹಿರಿಯೂರಿನಲ್ಲಿ. ಅಲ್ಲಿ ವರ್ಷಕ್ಕೆ 600 ಮಿಲಿಮೀಟರು ಮಳೆಯಾದರೆ ಅದೇ ದೊಡ್ಡ ಸುಗ್ಗಿ. ಮದುವೆಯಾಗಿ ಬಂದದ್ದು ತೀರ್ಥಹಳ್ಳಿ ತಾಲ್ಲೂಕಿಗೆ. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ಸರಾಸರಿ ಮಳೆ ವರ್ಷಕ್ಕೆ 7,000 ಮಿಲಿಮೀಟರನ್ನೂ ಮೀರುತ್ತದೆ. ನಮ್ಮ ಹಳ್ಳಿಯಲ್ಲಿ ಅಷ್ಟಿಲ್ಲ; ಆದರೆ ಹಿರಿಯೂರಿನ ಹುಡುಗಿಯನ್ನು ಅಳಿಸುವುದಕ್ಕೆ ಧಾರಾಳ ಸಾಕು.

ನಮ್ಮೂರಿನ ಹತ್ತಿರವೇ ವಾಣಿವಿಲಾಸ ಸಾಗರವಿದೆಯಲ್ಲ, ನಾವು ಮಾರಿಕಣಿವೆ ಅನ್ನುತ್ತೇವೆ. ವೇದಾವತಿಗೆ ಅಡ್ಡ ಕಟ್ಟಿ 1907ರಲ್ಲಿ ಮುಗಿಸಿದ ಕಟ್ಟೆ. ಪೂರ್ತಿ ತುಂಬಿದರೆ 130 ಅಡಿ. ನಮ್ಮಪ್ಪನಿಗೆ ಅದೊಂದು ಹುಚ್ಚು. ಮಳೆಗಾಲ ಬಂತೆಂದರೆ ಸೈಕಲ್ಲು ತಗೊಂಡು ನೀರೆಷ್ಟು ಬಂತು ಅಂತ ನೋಡಿಕೊಂಡು ಬರುವರು. 1933ರಲ್ಲಿ ಅದು ಕೋಡಿ ಬಿದ್ದಾಗ ಅಪ್ಪ ಆರು ವರ್ಷದ ಹುಡುಗನಂತೆ. ತಾತನ ಹೆಗಲ ಮೇಲೆ ಕೂತು ನೋಡಿದ್ದನ್ನು ನಮಗೆಲ್ಲ ನೂರು ಸಲ ಹೇಳಿರಬಹುದು. ‘ಇನ್ನೊಂದು ಸಲ ಕೋಡಿ ಬೀಳೋದನ್ನ ನೋಡ್ಬೇಕು ಕಣಮ್ಮ’ ಎನ್ನುವುದು ಅವರಿಗಿದ್ದ ಒಂದೇ ಆಸೆ.

1984ರ ಮಾಘದಲ್ಲಿ ನನ್ನ ಮದುವೆಯಾಯಿತು. ಜೂನ್ ಎರಡನೇ ವಾರ ಮೃಗಶಿರ ಮಳೆ ಹಿಡಿಯಿತು. ನಾಲ್ಕು ದಿನ ನೋಡಿದೆ. ಸೂರ್ಯನ ಮುಖವಿಲ್ಲ. ಉಪ್ಪು ನೀರಾಯಿತು, ಬೆಂಕಿಪೆಟ್ಟಿಗೆ ಹತ್ತಲಿಲ್ಲ, ಉಟ್ಟ ಸೀರೆಗೆಲ್ಲ ಬಚ್ಚಲ ಒಲೆಯ ಹೊಗೆ ವಾಸನೆ. ಹಿತ್ತಿಲಿಗೆ ಹೋಗಿ ಬಂದರೆ ಕಾಲಿಗೆ ಇಂಬಳ. ತಡೆಯಲಾರದೆ ಅತ್ತೆಯವರನ್ನು ಕೇಳಿಯೇಬಿಟ್ಟೆ, ‘ಅತ್ತೆ, ಇದು ಯಾವಾಗ ನಿಲ್ಲತ್ತೆ?’

ಅವರು ಒಲೆಯ ಮುಂದೆ ಹಲಸಿನ ಬೀಜ ಸುಲಿಯುತ್ತ ಕೂತಿದ್ದರು. ತಲೆ ಎತ್ತದೆ, ‘ಎಂಥಾ ಅವಸರ ಮಾರಾಯ್ತಿ? ಚಿತ್ತೆ ಮಳೆ ಕಳೀತಿದ್ದ ಹಾಗೆ ನಿಲ್ಲುತ್ತೆ’ ಅಂದರು.

ರಾತ್ರಿ ಪಂಚಾಂಗ ತೆಗೆದು ಲೆಕ್ಕ ಹಾಕಿದೆ. ಚಿತ್ತೆ ಮುಗಿಯುವುದು ಅಕ್ಟೋಬರ್ ಮೂರನೇ ವಾರದ ಹೊತ್ತಿಗೆ. ನಾಲ್ಕು ತಿಂಗಳ ಮೇಲೆ! ಅವತ್ತು ದಿಂಬಿಗೆ ಮುಖವಿಟ್ಟು ಅತ್ತದ್ದು ನಮ್ಮವರಿಗೆ ಇವತ್ತಿಗೂ ತಮಾಷೆ.

ಅತ್ತೆಯವರ ಕ್ಯಾಲೆಂಡರಿನಲ್ಲಿ ತಿಂಗಳುಗಳೇ ಇರಲಿಲ್ಲ ನೋಡಿ, ಇದ್ದದ್ದು ಮಳೆ ನಕ್ಷತ್ರಗಳು. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ರೋಹಿಣಿಯೊಳಗೆ ಕಟ್ಟಿಗೆ ಒಳಗೆ ಬರಬೇಕು, ಮಣ್ಣಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಆಗಬೇಕು, ಹಪ್ಪಳ ಸಂಡಿಗೆ ಡಬ್ಬ ಸೇರಬೇಕು. ಪುನರ್ವಸು, ಪುಷ್ಯ ಅಂದರೆ ಗದ್ದೆ ನಾಟಿ. ಹತ್ತು ಹದಿನೈದು ಆಳಿಗೆ ಅಡಿಗೆ. ನಡುವೆ ಹೊಳವಾದ ದಿನ ನೋಡಿ ಅಡಿಕೆಗೆ ಕೊಳೆ ಔಷಧಿ ಹೊಡೆಸಬೇಕು. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರು ನೀರು. ಈ ಲೆಕ್ಕ ನನಗೆ ಸಾರಿನ ಪುಡಿಯ ಲೆಕ್ಕದಷ್ಟೇ ಬಾಯಿಪಾಠ. ಹಸ್ತ, ಚಿತ್ತೆಯಲ್ಲಿ ಬಿಸಿಲು ಇಣುಕುವಾಗ ಹಾಸಿಗೆ ಬಟ್ಟೆಯೆಲ್ಲ ಅಂಗಳಕ್ಕೆ. ಸ್ವಾತಿಗೆ ದೀಪಾವಳಿ, ಕೊನೆ ಕೊಯ್ಲು. ಆಮೇಲೆ ಚಳಿಗಾಲದ ರಾತ್ರಿಗಳಲ್ಲಿ ಅಡಿಕೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಅದು ಮುಗಿಯುವುದರೊಳಗೆ ಮಾವಿನ ಮಿಡಿ, ಹಲಸಿನ ಹಪ್ಪಳ. ಮತ್ತೆ ರೋಹಿಣಿ!

ಇದನ್ನೆಲ್ಲ ಕಲಿಸಿದವರು ಅತ್ತೆಯವರೇ. ಬೈದೇ ಕಲಿಸಿದರು, ಆದರೆ ಕಲಿಸಿದರು. ಇಂಬಳ ಕಚ್ಚಿದಾಗ ಎಳೆಯಬಾರದು, ಸುಣ್ಣ ಮುಟ್ಟಿಸಬೇಕು ಅಂತ ತೋರಿಸಿದ್ದು ಅವರು. ನಾನು ಶೀತವಾಗಿ ಮಲಗಿದರೆ ಶುಂಠಿ, ಕಾಳುಮೆಣಸು ಜಜ್ಜಿ ಕಷಾಯ ಮಾಡಿ, ‘ಕುಡಿ, ಮುಖ ಸಿಂಡರಿಸ್ಬೇಡ’ ಅಂತ ಎದುರಿಗೇ ನಿಲ್ಲುತ್ತಿದ್ದವರೂ ಅವರೇ. ಇದನ್ನು ಮೊದಲೇ ಹೇಳುತ್ತಿದ್ದೇನೆ. ಯಾಕೆಂದರೆ ಮುಂದೆ ಬರೆಯುವುದನ್ನು ಓದಿ ನೀವು ಅವರನ್ನು ಕೆಟ್ಟವರು ಅಂದುಕೊಳ್ಳಬಾರದು.

ಆ ವರ್ಷ ಆಷಾಢಕ್ಕೆ ತವರಿಗೆ ಹೋದೆ. ಶ್ರಾವಣ ಬರುತ್ತಲೇ ಅಪ್ಪ ತಾವೇ ಕರೆದುಕೊಂಡು ಬಂದು ಬಿಟ್ಟರು. ಎರಡು ರಾತ್ರಿ ಇದ್ದರು. ಜಗಲಿಯಲ್ಲಿ ಕೂತು ಸುರಿಯುವ ಸೂರಂಚನ್ನೇ ನೋಡುತ್ತ, ‘ಇದರಲ್ಲಿ ಕಾಲುಭಾಗ ನಮ್ಮ ಮಾರಿಕಣಿವೆ ಕಡೆ ಬಂದಿದ್ರೆ ಕೋಡಿನೇ ಬೀಳ್ತಿತ್ತಲ್ಲಮ್ಮ’ ಅಂದರು. ಹೊರಡುವ ದಿನ ಛತ್ರಿ ಹಿಡಿದು ತೋಟದ ಸಂಕದವರೆಗೆ ಹೋದೆ. ದಾಟಿದ ಮೇಲೆ ತಿರುಗಿ ಕೈಯೆತ್ತಿದರು. ಮಳೆಯಲ್ಲಿ ಮುಖ ಸರಿಯಾಗಿ ಕಾಣಲಿಲ್ಲ.

ಎರಡು ಮೂರು ವಾರಕ್ಕೆ ಅಮ್ಮನ ಇನ್‌ಲ್ಯಾಂಡ್ ಪತ್ರ ಬಂತು. ‘ನಿಮ್ಮ ತಂದೆಯವರಿಗೆ ಮೈ ಸರಿಯಿಲ್ಲ. ಜ್ವರ ಬಿಟ್ಟು ಬಿಟ್ಟು ಬರುತ್ತಿದೆ. ನಿನ್ನನ್ನು ಕೇಳುತ್ತಾರೆ. ಹಿರಿಯರ ಅಪ್ಪಣೆಯಾದರೆ ಒಂದು ವಾರದ ಮಟ್ಟಿಗೆ ಬಂದು ಹೋಗು.’ ಅಷ್ಟೇ ಇದ್ದದ್ದು.

ಪತ್ರ ಹಿಡಿದು ನಮ್ಮವರ ಹತ್ತಿರ ಹೋದೆ. ‘ಅಮ್ಮನ್ನ ಕೇಳು’ ಅಂದರು. ಅತ್ತೆಯವರ ಹತ್ತಿರ ಹೋದೆ. ಅವರು ಓದಿಸಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು, ‘ಈಗ ತಾನೆ ಆಷಾಢ ಮುಗಿಸಿ ಬಂದಿದೀಯ. ಹಳ್ಳ ತುಂಬಿ ನಿಂತಿದೆ. ಗೌರಿಹಬ್ಬಕ್ಕೆ ಇನ್ನು ಹತ್ತೇ ದಿನ. ಮಘೆ ಮಳೆ ಕಳೀಲಿ, ಹಬ್ಬ ಮುಗಿಸ್ಕೊಂಡು ಹೋಗು. ಜ್ವರ ಅಲ್ವಾ, ಇಳೀತದೆ.’

ನಾನು ಇಪ್ಪತ್ತೊಂದು ವರ್ಷದ ಹುಡುಗಿ. ಮರುಮಾತಾಡಲಿಲ್ಲ.

ಹಬ್ಬಕ್ಕೆ ಐದು ದಿನ ಇದೆ ಅನ್ನುವಾಗ ಅಪ್ಪ ಹೋಗಿಬಿಟ್ಟರು. ತಂತಿ ಕೊಟ್ಟಿದ್ದರು. ಹಳ್ಳ ಮೇಲೆ ಬಂದು, ದಾರಿಗೆ ಮರ ಬಿದ್ದು, ಅದು ನಮ್ಮ ಮನೆ ಮುಟ್ಟಿದ್ದು ಮೂರನೇ ದಿನ. ಇಂಗ್ಲಿಷಿನ ನಾಲ್ಕು ಪದ. 2013ರಲ್ಲಿ ತಂತಿ ಸೇವೆಯೇ ನಿಂತುಹೋಯಿತು ಅಂತ ಪೇಪರಿನಲ್ಲಿ ಓದಿದಾಗ ಎಲ್ಲರೂ ‘ಪಾಪ’ ಅಂದರು. ನನಗೆ ಮಾತ್ರ ಹಾಗನ್ನಿಸಲಿಲ್ಲ.

ಮೂರು ಮೈಲಿ ನಡೆದು, ಬಸ್ಸು ಹಿಡಿದು, ಶಿವಮೊಗ್ಗ, ಚಿತ್ರದುರ್ಗ ದಾಟಿ ನಾನು ಮನೆ ಸೇರಿದಾಗ ರಾತ್ರಿಯಾಗಿತ್ತು. ಎಲ್ಲ ಮುಗಿದಿತ್ತು. ಅಮ್ಮ ನನ್ನನ್ನು ತಬ್ಬಿಕೊಂಡು ಹೇಳಿದ್ದು ಒಂದೇ ಮಾತು, ‘ಬಾಗಿಲ ಕಡೇನೇ ನೋಡ್ತಾ ಇದ್ರು ಕಣೇ.’

ಸೋದರಿಯರೇ, ಆಮೇಲೆ ನಮ್ಮ ಮನೆಯಲ್ಲಿ ದೊಡ್ಡ ಜಗಳವಾಯಿತು ಅಂದುಕೊಂಡಿರಾ? ಏನೂ ಆಗಲಿಲ್ಲ. ಅತ್ತೆಯವರು ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಸಂಸಾರ ನಡೆಯಿತು. ಎರಡು ಮಕ್ಕಳಾದವು. ಮಗ ಹುಟ್ಟಿದ್ದು ತವರಿನಲ್ಲಿ. ಮಗಳು 1990ರಲ್ಲಿ ಇಲ್ಲೇ, ಪುಷ್ಯ ಮಳೆ ಜಡಿಯುವಾಗ. ಆ ಮಳೆಯಲ್ಲಿ ಬಾಣಂತಿತನ ಮಾಡಿದವರು ಅತ್ತೆಯವರು. ಕೆಂಡದ ಮೇಲೆ ಬುಟ್ಟಿ ಕವುಚಿ, ಮಗುವಿನ ಒಂದೊಂದು ಬಟ್ಟೆಯನ್ನೂ ಅದರ ಮೇಲೆ ಹರಡಿ, ಸಾಂಬ್ರಾಣಿ ಹೊಗೆ ಹಿಡಿದು ಬೆಚ್ಚಗೆ ಮಾಡಿ ಕೊಡುತ್ತಿದ್ದರು. ರಾತ್ರಿ ಎರಡು ಗಂಟೆಗೂ ಎದ್ದು ಕೊಡುತ್ತಿದ್ದರು. ಅವರ ಋಣ ನನ್ನ ಮೇಲೆ ಕಮ್ಮಿಯಿಲ್ಲ.

ಆದರೆ ಪ್ರತಿ ವರ್ಷ ಆಗಸ್ಟ್ ನಡುವಿನಲ್ಲಿ ಮಘೆ ಮಳೆ ಹಿಡಿಯಿತೆಂದರೆ ನನ್ನ ಬಾಯಿ ಬಂದ್. ‘ಊಟಕ್ಕೆ ಬನ್ನಿ’, ‘ಕಾಫಿ ಇಟ್ಟಿದೀನಿ’ ಇಷ್ಟೇ ಮಾತು. ಹದಿನಾಲ್ಕು ದಿನ ಲೆಕ್ಕ ಹಾಕಿದ ಹಾಗೆ. ಮಕ್ಕಳಿಗೂ ಅದು ಗೊತ್ತಾಗಿತ್ತು. ‘ಅಮ್ಮನಿಗೆ ಮಘೆ ಹಿಡಿದಿದೆ’ ಅಂತ ತಮ್ಮೊಳಗೆ ಪಿಸುಗುಟ್ಟುತ್ತಿದ್ದರು. ಈ ಕಡೆ ಒಂದು ಗಾದೆ ಇದೆ, ನೀವೂ ಕೇಳಿರಬಹುದು: ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು. ಅತ್ತೆಯವರು ಅದನ್ನು ಹೇಳಿ ಮಗನ ಎಲೆಗೆ ತುಪ್ಪ ಬಡಿಸುವಾಗ ನನ್ನ ಮನಸ್ಸು ಕೇಳುತ್ತಿತ್ತು, ‘ಮನೆ ಮಗಳ ಮಾತೇನು?’ ಬಾಯಿಬಿಟ್ಟು ಒಂದು ದಿನವೂ ಕೇಳಲಿಲ್ಲ. ಅಪ್ಪನಿಗೆ ನಾನು ಸಲ್ಲಿಸುವ ಶ್ರಾದ್ಧ ಈ ಮೌನ ಅಂತ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಹೀಗೆ ಮೂವತ್ತಕ್ಕೂ ಹೆಚ್ಚು ವರ್ಷ ಕಳೆಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ.

2021ರ ಮಳೆಗಾಲದಲ್ಲಿ ಅತ್ತೆಯವರಿಗೆ ಮರೆವು ಶುರುವಾಯಿತು. ಎಂಬತ್ತು ದಾಟಿದ ಜೀವ. ಮೊದಮೊದಲು ಕನ್ನಡಕ ಎಲ್ಲಿ, ಎಲೆಡಿಕೆ ತಟ್ಟೆ ಎಲ್ಲಿ ಅನ್ನುವುದು. ಆಮೇಲೆ ಮೊಮ್ಮಗನನ್ನು ಮಗ ಅಂದುಕೊಳ್ಳುವುದು. ಮಳೆ ನಕ್ಷತ್ರ ಮಾತ್ರ ಮರೆಯಲಿಲ್ಲ. ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ದಿನವೂ ಒಂದು ಪ್ರಶ್ನೆ ಕೇಳುವುದಕ್ಕೆ ಹಿಡಿದರು, ‘ಹಿರಿಯೂರಿಂದ ಕಾಗದ ಬಂತೇನೇ?’

ನನಗೆ ಮೊದಲ ದಿನ ಮೈ ಜುಮ್ಮೆಂದಿತು. ‘ಇಲ್ಲ ಅತ್ತೆ’ ಅಂದೆ. ಮರುದಿನ ಮತ್ತೆ ಅದೇ. ಅದರ ಮರುದಿನ ಮತ್ತೆ. ಒಂದು ವರ್ಷ ಹೀಗೆ ನಡೆಯಿತು. ಅವರು ನನ್ನನ್ನು ಕೆಣಕುತ್ತಿದ್ದಾರೋ ಏನೋ ಅಂತ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಮರೆವಿನ ಮುದುಕಿಯ ಮೇಲೆ ಅನುಮಾನ ಪಟ್ಟೆ ನೋಡಿ.

2022ರ ಮಘೆ ಮಳೆಯಲ್ಲಿ ಒಂದು ಸಂಜೆ ಕರೆಂಟಿಲ್ಲ, ಸೌದೆ ಹಸಿ, ಅಡಿಗೆಮನೆಯೆಲ್ಲ ಹೊಗೆ. ನನ್ನ ಮನಸ್ಸೂ ಹಾಗೇ ಇತ್ತು. ಅವರು ಬಾಗಿಲಿಗೆ ಬಂದು ಕೇಳಿದರು, ‘ಕಾಗದ ಬಂತೇನೇ?’

‘ಬಂತು! ಯಾವತ್ತೋ ಬಂತು. ನೀವು ಕಳಿಸ್ಲಿಲ್ಲ. ಅವರು ಬಾಗಿಲು ನೋಡ್ತಾ ನೋಡ್ತಾ ಹೋದ್ರು. ಸಾಕಾ?’ ಅಂದುಬಿಟ್ಟೆ.

ಅತ್ತೆಯವರು ಏನೂ ಹೇಳಲಿಲ್ಲ. ಗೋಡೆ ಹಿಡಿದುಕೊಂಡು ಮೆಲ್ಲಗೆ ತಮ್ಮ ಕೋಣೆಗೆ ಹೋದರು. ಅವತ್ತು ಊಟ ಮಾಡಲಿಲ್ಲ. ಅನ್ನ ಕಲಸಿ ತಗೊಂಡು ಹೋದರೆ ಮುಖ ತಿರುಗಿಸಿ ಮಲಗಿದ್ದರು. ಎಷ್ಟು ವರ್ಷದಿಂದ ಹೇಳಬೇಕು ಅಂತಿದ್ದ ಮಾತು ಅದು! ಹೇಳಿಯಾಯಿತಲ್ಲ, ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಚಿಕ್ಕ ಮಗುವಿಗೆ ಹೊಡೆದ ಹಾಗೆ ಆಯಿತು. ರಾತ್ರಿಯೆಲ್ಲ ಹೆಂಚಿನ ಮೇಲೆ ಮಳೆ ಬೀಳುವುದನ್ನು ಕೇಳುತ್ತ ಎಚ್ಚರವಾಗಿಯೇ ಇದ್ದೆ.

ಮರುದಿನ ಅವರಿಗೆ ಏನೂ ನೆನಪಿರಲಿಲ್ಲ. ಗಂಜಿ ಕುಡಿದರು. ಸಂಜೆ ದೀಪದ ಹೊತ್ತಿಗೆ ಮತ್ತೆ ಬಂದರು. ‘ಹಿರಿಯೂರಿಂದ ಕಾಗದ ಬಂತೇನೇ?’ ನಾನು ಉತ್ತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಹತ್ತಿರ ಬಂದು, ಯಾರಿಗೂ ಕೇಳಬಾರದು ಅನ್ನುವ ಹಾಗೆ ದನಿ ತಗ್ಗಿಸಿ ಹೇಳಿದರು, ‘ಬಂದ್ರೆ ತಕ್ಷಣ ಹೊರಡು. ಮಳೆ ನೋಡ್ಬೇಡ. ನನ್ನ ಕೇಳೋಕೂ ನಿಲ್ಬೇಡ.’

ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ. ನಾನು ಹೊತ್ತುಕೊಂಡಿದ್ದೆ ಅಂದುಕೊಂಡಿದ್ದ ಆ ಹೊರೆಯ ಇನ್ನೊಂದು ತುದಿಯನ್ನು ಅವರೂ ಅಷ್ಟು ವರ್ಷದಿಂದ ಹೊತ್ತಿದ್ದರು. ಬೇರೆಲ್ಲ ಮರೆತುಹೋದ ಮೇಲೂ ಅದೊಂದು ಅವರಲ್ಲಿ ಉಳಿದಿತ್ತು. ಅವರೂ ಒಂದು ದಿನ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದೇ ಒಲೆಯ ಮುಂದೆ ಇಬ್ಬರೂ ಕೂತಿದ್ದೆವು!

‘ಆಯ್ತು ಅತ್ತೆ. ನಾಳೆ ಬೆಳಗಿನ ಬಸ್ಸಿಗೆ ಹೊರಡ್ತೀನಿ’ ಅಂದೆ. ಅವರಿಗೆ ನೆಮ್ಮದಿಯಾಯಿತು. ಆಮೇಲೆ ಪ್ರತಿ ಸಂಜೆ ನಮ್ಮಿಬ್ಬರದು ಇದೇ ಮಾತು. ನಾನು ದಿನವೂ ನಾಳೆಯ ಬಸ್ಸಿಗೆ ಹೊರಡುತ್ತಿದ್ದೆ.

ಅದಾಗಿ ಕೆಲವೇ ದಿನಕ್ಕೆ, ಸೆಪ್ಟೆಂಬರ್ ಮೊದಲಲ್ಲಿ, ನನ್ನ ಅಣ್ಣನ ಮಗ ಮೊಬೈಲಿಗೆ ವಿಡಿಯೋ ಕಳಿಸಿದ. ಮಾರಿಕಣಿವೆ ಕೋಡಿ ಬಿದ್ದಿತ್ತು! 1933 ಆದ ಮೇಲೆ 89 ವರ್ಷಕ್ಕೆ. ಜನ ಜಾತ್ರೆಯ ಹಾಗೆ ನಿಂತು ನೋಡುತ್ತಿದ್ದರು. ನಾನು ಅದನ್ನು ಅತ್ತೆಯವರಿಗೆ ತೋರಿಸಿದೆ. ನೀರು ಧುಮುಕುವುದನ್ನು ಬಹಳ ಹೊತ್ತು ನೋಡಿ, ‘ನಿಮ್ಮಪ್ಪಯ್ಯ ನೋಡಿದ್ರಾ?’ ಅಂದರು. ‘ನೋಡಿದ್ರು ಅತ್ತೆ’ ಅಂದೆ. ಸುಳ್ಳು ಹೇಳಿದೆ ಅನ್ನಿಸಲಿಲ್ಲ.

ಅತ್ತೆಯವರು 2023ರ ಜನವರಿಯಲ್ಲಿ, ಅಂಗಳದಲ್ಲಿ ಅಡಿಕೆ ಒಣಗುತ್ತಿದ್ದ ಕಾಲದಲ್ಲಿ ತೀರಿಕೊಂಡರು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಇನ್ನೊಂದು ಮಾತು ಹೇಳದಿದ್ದರೆ ನಾನು ನಿಮಗೆ ಪೂರ್ತಿ ನಿಜ ಹೇಳಿದಂತಾಗುವುದಿಲ್ಲ.

2024ರ ಆಗಸ್ಟ್ ಕೊನೆಯಲ್ಲಿ ಸೊಸೆ ಮೊಮ್ಮಗಳನ್ನು ಕರೆದುಕೊಂಡು ಬೆಂಗಳೂರಿನಿಂದ ಬಂದಿದ್ದಳು. ಆಫೀಸಿನ ಕೆಲಸವನ್ನು ಇಲ್ಲಿಂದಲೇ ಮಾಡುತ್ತ, ಗೌರಿಹಬ್ಬ ಮುಗಿಸಿ ಹೋಗುವುದೆಂದು. ಅತ್ತೆಯವರು ಹೋದ ಮೇಲೆ ಮನೆ ತುಂಬಿದ ಹಬ್ಬ ಅದೇ ಮೊದಲು. ನೆಂಟರನ್ನು ಕರೆದಿದ್ದೆ. ಪತ್ತಲ ತೆಗೆದಿಟ್ಟಿದ್ದೆ. ಬಾಗಿನದ ಮರ ತರಿಸಿದ್ದೆ. ಒಂದು ಮಧ್ಯಾಹ್ನ ಸೊಸೆ ಫೋನು ಹಿಡಿದು ಅಡಿಗೆಮನೆಗೆ ಬಂದಳು. ‘ಅತ್ತೆ, ಧಾರವಾಡದಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದಾರಂತೆ. ಕೈಗೆ ಪೆಟ್ಟಾಗಿದೆಯಂತೆ. ಏನೂ ಆಗಿಲ್ಲ, ಬರಬೇಡ ಅಂತಿದಾರೆ...’ ಅಂತ ನಿಲ್ಲಿಸಿದಳು.

ನನ್ನ ಬಾಯಿಗೆ ಮೊದಲು ಬಂದ ಮಾತು ಏನು ಗೊತ್ತೇ? ‘ಹಬ್ಬಕ್ಕೆ ಇನ್ನು ಹತ್ತೇ ದಿನ. ಮುಗಿಸ್ಕೊಂಡು ಹೋಗು.’

ನಾಲಿಗೆಯ ತುದಿಯವರೆಗೂ ಬಂದಿತ್ತು. ಅದೇ ಮಾತು, ಅದೇ ಹತ್ತು ದಿನ, ಹೊರಗೆ ಅದೇ ಮಘೆ ಮಳೆ. ನನ್ನಲ್ಲಿ ಕೆಟ್ಟ ಮನಸ್ಸು ಇತ್ತೇ? ಖಂಡಿತ ಇರಲಿಲ್ಲ. ಸೊಸೆಯನ್ನು ಕಂಡರೆ ನನಗೆ ಪ್ರೀತಿ. ಆದರೆ ತಲೆ ತುಂಬ ಎಷ್ಟು ಕಾಯಿ ಕಡುಬು, ಯಾರಿಗೆ ಯಾವ ಹಾಸಿಗೆ, ಈ ಮಳೆಯಲ್ಲಿ ಮಗುವನ್ನು ಕರಕೊಂಡು ಹೇಗೆ ಹೋದಾಳು ಅನ್ನುವುದೇ ಇತ್ತು. ಆಗ ನನಗೆ 1984ರ ಅತ್ತೆಯವರು ಅರ್ಥವಾದರು. ಅವರ ತಲೆಯಲ್ಲೂ ಇದೇ ಇದ್ದಿರಬೇಕು. ಹತ್ತು ದಿನ ತಾನೆ, ಕಾದೀತು ಅಂದುಕೊಂಡರು. ಕಾಯಲಿಲ್ಲ, ಅಷ್ಟೇ.

ಸೊಸೆಯ ಮುಖ ನೋಡಿದೆ. ‘ಹೊರಡು’ ಅಂದೆ. ‘ಮಗು ನನ್ನ ಹತ್ರ ಇರ್ಲಿ. ಮಳೆ ನೋಡ್ಬೇಡ.’

ಅವಳು ನಂಬದವಳ ಹಾಗೆ ನೋಡಿದಳು. ‘ಮತ್ತೆ ಹಬ್ಬ?’

‘ಗೌರಿ ಪ್ರತಿ ವರ್ಷ ಬರ್ತಾಳೆ’ ಅಂದೆ.

ನಮ್ಮವರು ಆ ಮಳೆಯಲ್ಲೇ ಶಿವಮೊಗ್ಗದವರೆಗೆ ಬಿಟ್ಟು ಬಂದರು. ಬೀಗಿತ್ತಿಯ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಪಟ್ಟು ಹಾಕಿದರು, ವಾಸಿಯಾಯಿತು. ದೊಡ್ಡದೇನೂ ಆಗಿರಲಿಲ್ಲ. ಆದರೆ ಸೊಸೆ ರಾತ್ರಿ ಫೋನು ಮಾಡಿ, ‘ಅಮ್ಮ ನನ್ನ ಕಂಡ ತಕ್ಷಣ ಅತ್ತುಬಿಟ್ರು ಅತ್ತೆ, ಬರಬೇಡ ಅಂತ ಸುಮ್ನೆ ಹೇಳಿದ್ದಂತೆ’ ಅಂದಾಗ ನಾನೂ ಈ ತುದಿಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಆ ಸಲದ ಹಬ್ಬಕ್ಕೆ ಕಡುಬು ಕಮ್ಮಿಯಾಯಿತು, ಅರ್ಧ ಒಡೆದೂ ಹೋದವು. ಯಾರೂ ಏನೂ ಅನ್ನಲಿಲ್ಲ.

ಓದುವ ಸೋದರಿಯರೇ, ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವಳು ನಾನಲ್ಲ. ಆದರೆ ನಿಮ್ಮ ಮನೆಯಲ್ಲೂ ಇಂಥ ಒಂದು ಮಘೆ ಇರಬಹುದು: ಯಾರೋ ಎಂದೋ ಆಡಿದ ಮಾತು, ಪ್ರತಿ ವರ್ಷ ಅದೇ ಹಬ್ಬಕ್ಕೆ, ಅದೇ ಕಾಲಕ್ಕೆ ಮೇಲೆ ಬರುವಂಥದ್ದು. ಆ ಮಾತಾಡಿದವರು ಇನ್ನೂ ಇದ್ದರೆ, ಅವರಿಗೆ ನೆನಪಿರುವಾಗಲೇ ಒಂದು ಸಲ ಕೇಳಿಬಿಡಿ. ಕಾಫಿ ಕುಡಿಯುವಾಗ, ಸೊಪ್ಪು ಬಿಡಿಸುವಾಗ, ಹಪ್ಪಳ ಒತ್ತುವಾಗ, ಎದುರೆದುರು ಮುಖ ನೋಡದೆ ಮಾತಾಡುವಂಥ ಹೊತ್ತು ನಮಗೆಷ್ಟಿಲ್ಲ? ನಾನು ಅಷ್ಟು ವರ್ಷ ಕಾದು ಒಳ್ಳೆಯ ಉತ್ತರವನ್ನು ಮರೆವಿನ ಬಾಯಿಂದ ಕೇಳಿಸಿಕೊಂಡೆ. ಮೊದಲೇ ಕೇಳಿದ್ದರೆ ಇಬ್ಬರೂ ಒಟ್ಟಿಗೆ ಒಂದು ಸಲ ಅತ್ತು ಮುಗಿಸುತ್ತಿದ್ದೆವು.

ಈಗ ಮಘೆ ಹಿಡಿದರೆ ನಾನು ಸುಮ್ಮನಿರುವುದಿಲ್ಲ. ‘ಇವಳ ಮೌನವೇ ವಾಸಿ ಇತ್ತು’ ಅಂತ ನಮ್ಮವರು ರೇಗಿಸುತ್ತಾರೆ. ಅಟ್ಟದಿಂದ ಇಳಿಸುವ ಕಂಬಳಿಗಳಲ್ಲಿ ಅತ್ತೆಯವರದೂ ಒಂದಿದೆ, ಕರಿಯದು, ಅಂಚು ಸವೆದದ್ದು. ಅದನ್ನೂ ಬಿಸಿಲಿಗೆ ಹಾಕಿ ಕೊಡವುತ್ತೇನೆ. ಮಳೆ ಜೋರಾದ ರಾತ್ರಿ ನಾನೇ ಹೊದ್ದುಕೊಳ್ಳುತ್ತೇನೆ.

ಅಂದ ಹಾಗೆ, ಮಳೆಗಾಲದಲ್ಲಿ ನಿಮ್ಮ ಕಡೆಯ ಸಂತೆಗೆ ಕಳಲೆ ಬಂದರೆ ಹೆಚ್ಚಿ, ಮೂರು ದಿನ ದಿನಾ ನೀರು ಬದಲಿಸುತ್ತ ನೆನೆಸುವುದನ್ನು ಮರೆಯಬೇಡಿ. ಅವಸರ ಮಾಡಿದರೆ ಕಹಿಯೂ ಹೋಗದು, ನಂಜೂ ಹೋಗದು. ಇದೂ ಅತ್ತೆಯವರೇ ಬೈದು ಕಲಿಸಿದ್ದು.